ಉಚಿತ ಸೀಟು ಯಾರ ದುಡ್ಡಿನದು?

ಶಿವಮೊಗ್ಗದ ಬಿ.ಎಚ್. ರಸ್ತೆ, ನೆಹರೂ ರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ ಟ್ರಾವೆಲ್ಸ್ ಅಂಗಡಿಗಳ ಫಲಕಗಳು ಕಣ್ಣಿಗೆ ಬೀಳುತ್ತವೆ. ಉಮ್ರಾ, ಕಾಶಿ-ಗಯಾ, ದುಬೈ, ಸಿಂಗಾಪುರ. 2021ರಲ್ಲಿ ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ವಿಹಾರ ನೌಕೆಗಳು ಹೊರಡತೊಡಗಿದ ಮೇಲೆ ಹಡಗಿನ ಪ್ರವಾಸವೂ ಈ ಪಟ್ಟಿಗೆ ಸೇರಿತು. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಬಳಿಕವಂತೂ ದೂರದ ಊರುಗಳು ನಮ್ಮ ಬಾಗಿಲಿಗೇ ಬಂದಂತೆ ಅನಿಸಿತು. ತಪ್ಪೇನಿಲ್ಲ. ದುಡಿದ ಮನುಷ್ಯ ನಾಲ್ಕು ಊರು ನೋಡಬೇಕು, ಯಾತ್ರೆಯ ಹಂಬಲವುಳ್ಳವನಿಗೆ ಯಾತ್ರೆ ಸಾಧ್ಯವಾಗಬೇಕು.

ಆದರೆ ಈ ಅಂಗಡಿಗಳ ಕರಪತ್ರಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಪ್ರವಾಸದ ವಿವರಗಳಿಗಿಂತ ದಪ್ಪ ಅಕ್ಷರಗಳಲ್ಲಿರುವುದು ಕೊಡುಗೆಗಳ ವಿವರ. ಬ್ಯಾಗ್ ಉಚಿತ, ಇಹ್ರಾಮ್ ಬಟ್ಟೆ ಉಚಿತ, ಸಿಮ್ ಕಾರ್ಡ್ ಉಚಿತ, ಝಿಯಾರತ್ ಬಸ್ ಉಚಿತ. ಹಡಗಿನ ಪ್ರವಾಸವಾದರೆ ಹಡಗಿನೊಳಗೆ ಖರ್ಚು ಮಾಡಲು ನಿಮ್ಮ ಹೆಸರಿನಲ್ಲಿ ಇಷ್ಟು ಹಣ ಜಮೆ. ನಾವು ನಾಲ್ಕು ಕರಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಯಾರು ಹೆಚ್ಚು ಕೊಡುತ್ತಾರೆ ಎಂದು ಹೋಲಿಸುತ್ತೇವೆ. ಹಾಗೆ ಹೋಲಿಸಿದವನನ್ನು ಜಾಣ ಎಂದೂ ಕರೆಯುತ್ತೇವೆ. ಏಜೆಂಟ್ ನಮಗೆ ಏನು ಕೊಡುತ್ತಾನೆ ಎಂಬುದನ್ನು ಇಷ್ಟು ಶ್ರದ್ಧೆಯಿಂದ ಕೇಳುವ ನಾವು, ಅವನಿಗೆ ಯಾರು ಏನು ಕೊಡುತ್ತಾರೆ ಎಂದು ಏಕೆ ಕೇಳುವುದಿಲ್ಲ? ನಿಜವಾಗಿ ಕೇಳಬೇಕಾದ ಪ್ರಶ್ನೆ ಅದಲ್ಲವೇ?

ಈ ವ್ಯವಹಾರ ನಡೆಯುವ ರೀತಿಯನ್ನು ಮೊದಲು ತಿಳಿದುಕೊಳ್ಳೋಣ. ಒಂದು ಕಾಲದಲ್ಲಿ ವಿಮಾನ ಟಿಕೆಟಿನ ಮೇಲೆ ಏಜೆಂಟರಿಗೆ ಇಂತಿಷ್ಟು ಶೇಕಡಾ ಕಮಿಷನ್ ಎಂದು ನಿಗದಿಯಾಗಿತ್ತು. ಅದು ಕ್ರಮೇಣ ಇಳಿಯುತ್ತಾ ಶೇಕಡಾ 5ಕ್ಕೆ ಬಂತು. 2008ರ ನವೆಂಬರಿನಲ್ಲಿ ಭಾರತದ ಪ್ರಮುಖ ವಿಮಾನ ಕಂಪೆನಿಗಳು ಅದನ್ನೂ ನಿಲ್ಲಿಸಿದವು. ಅಂಗಡಿ ಬಾಡಿಗೆ, ಹುಡುಗರ ಸಂಬಳ, ಕರೆಂಟ್ ಬಿಲ್ಲು ಮಾತ್ರ ನಿಲ್ಲಲಿಲ್ಲ. ಬರೀ ಟಿಕೆಟ್ ಮಾರಿ ಬದುಕಲಾಗದ ಏಜೆಂಟರು ಪ್ಯಾಕೇಜ್ ಮಾರಾಟಕ್ಕೆ ಹೆಚ್ಚು ಒತ್ತು ಕೊಡತೊಡಗಿದರು. ಪ್ಯಾಕೇಜಿನಲ್ಲಿ ಟಿಕೆಟ್ ಎಷ್ಟು, ಹೊಟೇಲ್ ಎಷ್ಟು, ಏಜೆಂಟನ ಪಾಲೆಷ್ಟು ಎಂಬುದು ಒಂದೇ ಮೊತ್ತದೊಳಗೆ ಕರಗಿಹೋಗುತ್ತದೆ. ಹಡಗಿನ ಕಂಪೆನಿಗಳು ಇಂದಿಗೂ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಹೆಚ್ಚು ಮಾರಿದವನಿಗೆ ಹೆಚ್ಚು ಶೇಕಡಾ. ಇದಲ್ಲದೆ ಗುಂಪು ಕಟ್ಟಿ ತಂದವನಿಗೆ, ಹದಿನೈದು-ಹದಿನಾರು ಜನರಿಗೆ ಒಂದರಂತೆ ಉಚಿತ ಜಾಗ ಕೊಡುವ ಪದ್ಧತಿಯೂ ಇದೆ. ನಮ್ಮಲ್ಲಿ ಉಮ್ರಾ ಗುಂಪುಗಳಿಗೂ ಕಾಶಿ ಯಾತ್ರೆಯ ಬಸ್ಸುಗಳಿಗೂ ಇಂಥದೇ ಏರ್ಪಾಡು ಇರುವುದುಂಟು.

ಆ ಉಚಿತ ಸೀಟಿನ ಲೆಕ್ಕ ಹಾಕಿ ನೋಡೋಣ. ತಲಾ 90,000 ರೂಪಾಯಿ ಕೊಟ್ಟ ಹದಿನೈದು ಮಂದಿ ಇದ್ದಾರೆ, ಹದಿನಾರನೆಯವನು ಉಚಿತವಾಗಿ ಹೋಗುತ್ತಾನೆ ಎಂದಿಟ್ಟುಕೊಳ್ಳಿ. ವಿಮಾನ ಕಂಪೆನಿ ಅವನಿಗೆ ಆಸನವನ್ನು ದಾನ ಮಾಡುವುದಿಲ್ಲ, ಮಕ್ಕಾದ ಹೊಟೇಲಿನವನು ಹಾಸಿಗೆಯನ್ನು ಧರ್ಮಕ್ಕೆ ಕೊಡುವುದಿಲ್ಲ. ಆ 90,000ವನ್ನು ಹದಿನೈದು ಮಂದಿಗೆ ಹಂಚಿದರೆ ತಲೆಗೆ 6,000 ಬೀಳುತ್ತದೆ. ಉಚಿತ ಎಂಬುದು ಯಾರೋ ಒಬ್ಬರು ಕೊಟ್ಟದ್ದೇ ಆಗಿರುತ್ತದೆ. ಕೊಟ್ಟವನಿಗೆ ತಾನು ಕೊಟ್ಟೆನೆಂದು ಗೊತ್ತಿರುವುದಿಲ್ಲ, ಅಷ್ಟೆ.

ಇದು ಇಂದಿನ ಕಾಲದ ರೋಗವೇನಲ್ಲ. ಹಜ್ಜ್ ಯಾತ್ರೆ ಹಡಗಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಮುಂಬಯಿ ಬಂದರಿನಲ್ಲಿ ಯಾತ್ರಿಕರ ದಲ್ಲಾಳಿಗಳ ಒಂದು ವರ್ಗವೇ ಇತ್ತು. ಯಾತ್ರಿಕರನ್ನು ಹಡಗಿಗೆ ಹತ್ತಿಸುವುದೇ ಅವರ ಗಳಿಕೆಯ ದಾರಿ. ತಲೆ ಎಣಿಸಿ ಹಣ ಬರುವಲ್ಲಿ, ಹಡಗು ಗಟ್ಟಿಯಿದೆಯೇ, ಕುಡಿಯುವ ನೀರು ಸಾಕಷ್ಟಿದೆಯೇ ಎಂದು ವಿಚಾರಿಸುವವರು ಯಾರು? 1880ರಲ್ಲಿ ಒಂಬೈನೂರಕ್ಕೂ ಹೆಚ್ಚು ಯಾತ್ರಿಕರನ್ನು ತುಂಬಿಕೊಂಡು ಪೂರ್ವದ ಬಂದರುಗಳಿಂದ ಜಿದ್ದಾ ಕಡೆಗೆ ಹೊರಟಿದ್ದ 'ಜೆಡ್ಡಾ' ಎಂಬ ಹಡಗಿನೊಳಗೆ ನೀರು ನುಗ್ಗಿದಾಗ, ಕಪ್ತಾನ ಮತ್ತು ಅಧಿಕಾರಿಗಳು ಯಾತ್ರಿಕರನ್ನು ನಡುಗಡಲಲ್ಲಿ ಬಿಟ್ಟು ದೋಣಿ ಹತ್ತಿ ಪಾರಾದರು. ಹಡಗು ಮುಳುಗಿತೆಂದು ಏಡನ್ನಿನಲ್ಲಿ ಹೇಳಿಕೆಯನ್ನೂ ಕೊಟ್ಟರು. ಅಷ್ಟರಲ್ಲಿ ಅದೇ ಹಡಗನ್ನು ಮತ್ತೊಂದು ಹಡಗು ಯಾತ್ರಿಕರ ಸಮೇತ ಏಡನ್ನಿಗೆ ಎಳೆದು ತಂದಿತು! ಯಾತ್ರಿಕರ ಪಾಡು ಸರಕಾರದ ಕಣ್ಣು ತೆರೆಸಲು ಇಂಥ ಹಗರಣಗಳೇ ಬೇಕಾದವು. 1886ರಲ್ಲಿ ಬ್ರಿಟಿಷ್ ಸರಕಾರ ಹಜ್ಜ್ ಯಾತ್ರೆಯ ವ್ಯವಸ್ಥೆಯನ್ನು ಥಾಮಸ್ ಕುಕ್ ಕಂಪೆನಿಗೆ ವಹಿಸಿತು. 1887ರಲ್ಲಿ ಮುಂಬಯಿಯಲ್ಲಿ ಯಾತ್ರಿಕರ ರಕ್ಷಣೆಗೆಂದೇ ಕಾಯ್ದೆ ಬಂದು, ದಲ್ಲಾಳಿಗಳಿಗೆ ಪರವಾನಗಿ ಕಡ್ಡಾಯವಾಯಿತು. ಕುಕ್ ಕಂಪೆನಿಯ ಏರ್ಪಾಡು 1893ಕ್ಕೆ ಕೊನೆಗೊಂಡಿತು. ಮುಂಬಯಿ-ಜಿದ್ದಾ ಹಡಗು ಯಾನವೂ 1995ಕ್ಕೆ ನಿಂತುಹೋಯಿತು. ತಲೆ ಎಣಿಸುವ ಲೆಕ್ಕ ಮಾತ್ರ ಹಡಗಿನಿಂದಿಳಿದು ವಿಮಾನ ಹತ್ತಿತು.

ಈಗ ಭದ್ರಾವತಿಗೆ ಬರೋಣ. ಕಬ್ಬಿಣ-ಉಕ್ಕಿನ ಕಾರ್ಖಾನೆ, ಕಾಗದದ ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ಊರು ಇದು. ಮೂವತ್ತು-ಮೂವತ್ತೈದು ವರ್ಷ ಪಾಳಿಯಲ್ಲಿ ದುಡಿದವರ ಕೈಗೆ ನಿವೃತ್ತಿಯ ದಿನ ಜೀವನದಲ್ಲಿ ಮೊದಲ ಬಾರಿಗೆ, ಬಹುಶಃ ಕೊನೆಯ ಬಾರಿಗೆ, ಇಡಿಗಂಟು ಬರುತ್ತದೆ. ಆ ಗಂಟಿನ ಮೇಲೆ ಅನೇಕರ ಕಣ್ಣು. ವಿಮೆಯವರು ಬರುತ್ತಾರೆ, ಸೈಟಿನವರು ಬರುತ್ತಾರೆ, ಚೀಟಿಯವರು ಬರುತ್ತಾರೆ. ಮಗಳ ಮದುವೆ, ಮನೆಯ ರಿಪೇರಿ ಮುಗಿದು ಉಳಿದದ್ದರಲ್ಲಿ ಉಮ್ರಾಕ್ಕೋ ಕಾಶಿಗೋ ಹೋಗಿಬರೋಣ ಎಂದುಕೊಂಡ ದಂಪತಿ ಏನು ಮಾಡುತ್ತಾರೆ? ನೇರವಾಗಿ ಟ್ರಾವೆಲ್ಸ್ ಅಂಗಡಿಗೆ ಹೋಗುವುದಿಲ್ಲ. ಪರಿಚಯದವರನ್ನು ಕೇಳುತ್ತಾರೆ. ಮೊದಲೇ ಹೋಗಿಬಂದ ಮೇಷ್ಟ್ರು, ಮಸೀದಿಯ ಖತೀಬರು, ದೇವಸ್ಥಾನದ ಸಮಿತಿಯವರು, ಇಲ್ಲವೇ ಜೊತೆಯಲ್ಲಿ ದುಡಿದ ಗೆಳೆಯ. "ಚಾಚಾ, ನೀವೇನೂ ಯೋಚನೆ ಮಾಡಬೇಡಿ, ಇದೇ ಒಳ್ಳೆಯ ಪ್ಯಾಕೇಜು, ನಾನೂ ಜೊತೆಗಿರುತ್ತೇನೆ" ಎಂಬ ಒಂದು ಮಾತಿಗೆ ಎರಡು ಲಕ್ಷ ರೂಪಾಯಿ ಕೈಬದಲಾಗುತ್ತದೆ. ಆ ಎರಡು ಲಕ್ಷ ಬಂದದ್ದು ಕರಪತ್ರವನ್ನು ನಂಬಿ ಅಲ್ಲ, ಮನುಷ್ಯನನ್ನು ನಂಬಿ.

ಹಾಗೆ ನಂಬಿಸಿಕೊಂಡ ವ್ಯಕ್ತಿ ಕೆಲಸ ಮಾಡುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಪಾಸ್‌ಪೋರ್ಟಿನ ಅರ್ಜಿ ತುಂಬಿಸುವುದು, ಫೋಟೋ ತೆಗೆಸುವುದು, ಅಕ್ಷರ ಬಾರದ ಅಜ್ಜಿಗೆ ಬೋರ್ಡಿಂಗ್ ಪಾಸ್ ಹಿಡಿಸಿ ಸಾಲಿನಲ್ಲಿ ನಿಲ್ಲಿಸುವುದು, ತವಾಫಿನ ನೂಕುನುಗ್ಗಲಿನಲ್ಲಿ ತಪ್ಪಿಹೋದವರನ್ನು ಹುಡುಕುವುದು, ನಡುರಾತ್ರಿ ಜ್ವರ ಬಂದವರಿಗೆ ಮಾತ್ರೆ ತರುವುದು. ಇದೆಲ್ಲ ನಿಜವಾದ ದುಡಿಮೆ. ದುಡಿಮೆಗೆ ಪ್ರತಿಫಲ ಪಡೆಯುವುದನ್ನು ಯಾವ ಧರ್ಮವೂ ತಪ್ಪೆಂದಿಲ್ಲ. ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ದಲ್ಲಾಳಿಯ ಕೂಲಿ ಸಮ್ಮತವೇ ಆಗಿದೆ. ಹಾಗಾದರೆ ತಪ್ಪು ಎಲ್ಲಿದೆ?

ಪ್ರವಾದಿ ಮುಹಮ್ಮದ್(ಸ)ರ ಕಾಲದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಝಕಾತ್ ಸಂಗ್ರಹಕ್ಕೆ ಹೋಗಿದ್ದ ಅಧಿಕಾರಿಯೊಬ್ಬ ಮರಳಿ ಬಂದು, ತಂದದ್ದರಲ್ಲಿ ಒಂದು ಭಾಗವನ್ನು ಒಪ್ಪಿಸಿ, ಉಳಿದದ್ದು ಜನ ತನಗೆ ಕೊಟ್ಟ ಉಡುಗೊರೆ ಎಂದ. ಪ್ರವಾದಿಯವರು ಮಿಂಬರಿನ ಮೇಲೆ ನಿಂತು ಎಲ್ಲರೆದುರು ಕೇಳಿದ್ದು ಒಂದೇ ಪ್ರಶ್ನೆ: ಈತ ತನ್ನ ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ? ಈ ಪ್ರಶ್ನೆಯನ್ನು ನಮ್ಮ ಗುಂಪಿನ ಮುಖಂಡರ ಮುಂದಿಟ್ಟು ನೋಡಿ. ಆ ಹದಿನೈದು ಮಂದಿ ಜೊತೆಗಿಲ್ಲದೆ ಅವರೊಬ್ಬರೇ ಏಜೆಂಟನ ಅಂಗಡಿಗೆ ಹೋಗಿದ್ದರೆ ಉಚಿತ ಸೀಟು ಸಿಗುತ್ತಿತ್ತೇ? ಸಿಗುತ್ತಿರಲಿಲ್ಲ. ಅಂದಮೇಲೆ ಆ ಸೀಟು ಅವರ ಮುಖಕ್ಕೆ ಸಿಕ್ಕಿದ್ದಲ್ಲ, ಅವರ ಮೇಲೆ ಹದಿನೈದು ಮಂದಿ ಇಟ್ಟ ನಂಬಿಕೆಗೆ ಸಿಕ್ಕಿದ್ದು. ಸಲಹೆ ಕೇಳಿಸಿಕೊಂಡವನು ಅಮಾನತ್ತನ್ನು ಹೊತ್ತವನು ಎಂದು ಪ್ರವಾದಿವಚನ ಹೇಳುತ್ತದೆ. ಅಮಾನತ್ತನ್ನು ಕಾಯುವುದಕ್ಕೆ ಕೂಲಿ ಪಡೆಯಬಹುದು. ಒಡೆಯನಿಗೆ ಗೊತ್ತಿಲ್ಲದಂತೆ ಅದರಿಂದ ಫಲ ತೆಗೆಯುವಂತಿಲ್ಲ.

ಕನ್ನಡದ ಶರಣ ಪರಂಪರೆಯಲ್ಲಿಯೂ ಇಂಥದೇ ಎಚ್ಚರವಿದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಸುರಿದು ಬಾ ಎಂದು ಅವನನ್ನು ಮರಳಿ ಕಳಿಸಿದವಳು ಹೆಂಡತಿ ಲಕ್ಕಮ್ಮ. ಆ ಅಕ್ಕಿ ಕದ್ದದ್ದಲ್ಲ, ಆದರೂ ಅದು ತಮ್ಮದಲ್ಲ ಎಂಬುದು ಆಕೆಗೆ ತಿಳಿದಿತ್ತು.

"ಯಾತ್ರಿಕನಿಗೆ ಇದರಿಂದ ನಷ್ಟವೇನು? ಅಂಗಡಿಗೆ ನೇರವಾಗಿ ಹೋದರೂ ಅದೇ ದರ" ಎಂದು ಕೆಲವರು ವಾದಿಸಬಹುದು. ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಗುಂಪಿನ ಸೀಟನ್ನು ಮುಖಂಡ ಬೇಡವೆಂದರೂ ಎಷ್ಟೋ ಸಲ ಯಾತ್ರಿಕನ ದರ ಒಂದು ರೂಪಾಯಿಯೂ ಇಳಿಯುವುದಿಲ್ಲ. ಆದರೆ ನಷ್ಟವನ್ನು ರೂಪಾಯಿಯಲ್ಲಿ ಮಾತ್ರ ಅಳೆಯಬೇಕೇ? ಹರಮ್‌ನಿಂದ ಮುನ್ನೂರು ಮೀಟರ್ ದೂರದ ಹೊಟೇಲಿನ ಪ್ಯಾಕೇಜು ಒಂದು, ಒಂದೂವರೆ ಕಿಲೋಮೀಟರ್ ದೂರದ್ದು ಇನ್ನೊಂದು. ಬೆಂಗಳೂರಿನಿಂದ ನೇರ ವಿಮಾನ ಒಂದು, ನಡುವೆ ಹತ್ತು ಗಂಟೆ ಕಾಯಿಸುವ ವಿಮಾನ ಇನ್ನೊಂದು. ಎರಡರ ದರದಲ್ಲಿ ಅಲ್ಪ ವ್ಯತ್ಯಾಸ, ಉಚಿತ ಸೀಟು ಇರುವುದು ಎರಡನೆಯದರಲ್ಲಿ. ಆಗ ಮೊಣಕಾಲು ನೋವಿನ ಮುದುಕಿಗೆ "ಎರಡನೆಯದೇ ಒಳ್ಳೆಯದು" ಎಂದು ಹೇಳಿದ ಬಾಯಿ ಯಾರ ಪರವಾಗಿ ಮಾತಾಡಿತು? ಹೇಳಿದವನಿಗೇ ಅದು ಖಚಿತವಾಗಿ ಗೊತ್ತಿರುವುದಿಲ್ಲ ಎಂಬುದು ಇದರಲ್ಲಿ ಅತ್ಯಂತ ಅಪಾಯಕಾರಿ ಸಂಗತಿ. ಲಾಭವಿರುವ ಕಡೆಗೆ ಮನಸ್ಸು ತಾನಾಗಿಯೇ ವಾಲುತ್ತದೆ, ಆಮೇಲೆ ಕಾರಣಗಳನ್ನು ಹುಡುಕಿಕೊಳ್ಳುತ್ತದೆ. ಸುಳ್ಳು ಹೇಳಿದೆನೆಂಬ ಅಳುಕೂ ಅವನಿಗಿರುವುದಿಲ್ಲ.

ಆದ್ದರಿಂದಲೇ ಬೇರೆ ಕ್ಷೇತ್ರಗಳಲ್ಲಿ ಕಾನೂನು ಇದನ್ನು ವ್ಯಕ್ತಿಯ ಒಳ್ಳೆಯತನಕ್ಕೆ ಬಿಟ್ಟುಕೊಟ್ಟಿಲ್ಲ. ರೋಗಿಯನ್ನು ಇನ್ನೊಂದು ಕಡೆಗೆ ಕಳಿಸಿದ್ದಕ್ಕಾಗಿ ವೈದ್ಯರು ಕಮಿಷನ್ ಪಡೆಯಬಾರದೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಗಳು ಹೇಳಿದವು. ಮ್ಯೂಚುವಲ್ ಫಂಡಿನಲ್ಲಿ ಹಣ ಹೂಡಿದವನ ಮೊತ್ತದಿಂದ ಶೇಕಡಾ 2.25ರವರೆಗೆ ಆರಂಭದಲ್ಲೇ ಮುರಿದುಕೊಳ್ಳುತ್ತಿದ್ದುದನ್ನು ಸೆಬಿ 2009ರ ಆಗಸ್ಟಿನಲ್ಲಿ ನಿಲ್ಲಿಸಿತು. ಶಿವಮೊಗ್ಗದ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಂಡಿಯಲ್ಲಿ ಯಾರ ಕೈಯಿಂದ ಎಷ್ಟು ಮುರಿಯಲಾಗುತ್ತದೆ ಎಂಬುದಕ್ಕೆ ಅವರು ಹಿಂದಿನಿಂದಲೂ ಜಗಳವಾಡುತ್ತ ಬಂದಿದ್ದಾರೆ. ಅಡಿಕೆ ಮೂಟೆಗೆ ಕೇಳುವ ಲೆಕ್ಕವನ್ನು ನಾವು ಯಾತ್ರೆಗೆ ಕೇಳುವುದಿಲ್ಲ.

ಕೇಳದಿರುವುದಕ್ಕೆ ಕಾರಣ ದಾಕ್ಷಿಣ್ಯ. "ಹಝರತರನ್ನು ಹೇಗೆ ಕೇಳುವುದು? ಮೇಷ್ಟ್ರು ಏನೆಂದುಕೊಂಡಾರು?" ಹಾಗಾಗಿ, ಮುಖಂಡ ತನಗೆ ಸಿಗುವುದನ್ನು ಬಾಯಿಮಾತಿಗೆ ಹೇಳಿಬಿಟ್ಟರೆ ಹೊಣೆ ಮುಗಿಯಿತೆಂದು ನಮಗನಿಸುವುದಿಲ್ಲ. ಮುಂಗಡ ಕಟ್ಟಿಸಿಕೊಂಡ ಮೇಲೆ, ಎಲ್ಲರೆದುರು, ನಗುನಗುತ್ತಾ "ನನಗೂ ಒಂದು ಸೀಟು ಸಿಗುತ್ತದೆ" ಎಂದರೆ ಬೇಡವೆನ್ನುವ ಧೈರ್ಯ ಯಾರಿಗಿದೆ? ಹಣ ಕಟ್ಟುವ ಮೊದಲೇ ಹೇಳಬೇಕು, ಹಿಂದೆ ಸರಿಯಲು ಅವಕಾಶವಿರುವಾಗಲೇ ಹೇಳಬೇಕು. "ನಾನು ಇಷ್ಟು ಕೆಲಸ ಮಾಡುತ್ತೇನೆ, ಅದಕ್ಕೆ ತಲೆಗೆ ಇಷ್ಟು ಕೊಡಿ, ಉಚಿತ ಸೀಟು ಬಂದರೆ ಅದು ಗುಂಪಿನದು" ಎಂದು ಹೇಳುವುದರಲ್ಲಿ ಅವಮಾನವೇನಿದೆ? ಆ ಸೀಟಿನ ಹಣವನ್ನು ಎಲ್ಲರಿಗೂ ಹಂಚಬಹುದು. ಅಥವಾ ಎಲ್ಲರೂ ಒಪ್ಪಿ, ಜೀವಮಾನದಲ್ಲಿ ಅಷ್ಟು ದುಡ್ಡು ಕೂಡಿಸಲಾಗದ ಒಬ್ಬ ಬೀಡಿ ಕಾರ್ಮಿಕಳನ್ನು ಕರೆದೊಯ್ಯಬಹುದು. ಎಲ್ಲರೂ ಒಪ್ಪಿ ಅದನ್ನು ಮುಖಂಡನಿಗೇ ಕೊಡಬಹುದು. ಆಗ ಮಾತ್ರ ಅದು ನಿಜವಾದ ಉಡುಗೊರೆ.

ಇಷ್ಟು ಹೇಳಿ ನಿಲ್ಲಿಸಿದರೆ ಏಜೆಂಟರಿಗೂ ಮುಖಂಡರಿಗೂ ಬುದ್ಧಿ ಹೇಳಿ ನಾವು ತಪ್ಪಿಸಿಕೊಂಡಂತಾಗುತ್ತದೆ. ನಮ್ಮ ಕಡೆಯ ಲೆಕ್ಕವೂ ಇದೆ. ಊರಿನ ಏಜೆಂಟನ ಮುಂದೆ ಒಂದು ಗಂಟೆ ಕುಳಿತು ಯಾವ ತಿಂಗಳು ಒಳ್ಳೆಯದು, ಯಾವ ವಿಮಾನದಲ್ಲಿ ಎಷ್ಟು ಕಿಲೋ ಸಾಮಾನು, ಹಡಗಿನ ಯಾವ ಮಹಡಿಯ ಕೋಣೆಯಲ್ಲಿ ಓಲಾಟ ಕಡಿಮೆ ಎಂದೆಲ್ಲ ಕೇಳಿ ತಿಳಿದುಕೊಂಡು, ಅವನು ತರಿಸಿಕೊಟ್ಟ ಚಹಾ ಕುಡಿದು ಹೊರಬಂದು, ಮೊಬೈಲಿನಲ್ಲಿ ಐನೂರು ರೂಪಾಯಿ ರಿಯಾಯಿತಿ ಕಂಡಲ್ಲಿ ಬುಕ್ ಮಾಡುವುದು ಯಾವ ನ್ಯಾಯ? "ನಿನ್ನ ಕಮಿಷನ್‌ನಲ್ಲಿ ಅರ್ಧ ನನಗೆ ಕೊಡು" ಎಂದು ಚೌಕಾಶಿ ಮಾಡುವವರೂ ಇದ್ದಾರೆ. ತನ್ನ ಪಾಲನ್ನು ಬಿಟ್ಟುಕೊಟ್ಟ ಏಜೆಂಟ್ ಅದನ್ನು ಹೊಟೇಲಿನಲ್ಲೋ ಊಟದಲ್ಲೋ ಬಸ್ಸಿನಲ್ಲೋ ಹಿಂದಕ್ಕೆ ಪಡೆಯಲು ನೋಡುತ್ತಾನೆ. ಬಟ್ಟೆ ಹೊಲಿದವನಿಗೆ ಕೂಲಿ ಕೊಡುವ ನಾವು ಒಳ್ಳೆಯ ಸಲಹೆಯನ್ನು ಪುಕ್ಕಟೆ ಎಂದು ತಿಳಿದಿದ್ದೇವೆ. ಸಲಹೆಗೆ ನಾವು ಹಣ ಕೊಡದಿದ್ದರೆ ಬೇರೆ ಯಾರೋ ಕೊಡುತ್ತಾರೆ. ಆಗ ಆ ಸಲಹೆ ಹಣ ಕೊಟ್ಟವರದಾಗುತ್ತದೆ, ನಮ್ಮದಲ್ಲ.

ಯಾತ್ರೆಗೆ ಹೊರಡುವವರು ಸಾಲ ತೀರಿಸಿ, ಇಟ್ಟುಕೊಂಡ ಅಮಾನತ್ತುಗಳನ್ನು ಹಿಂದಿರುಗಿಸಿ, ನೆರೆಹೊರೆಯವರಲ್ಲಿ ಕ್ಷಮೆ ಕೇಳಿ ಹೊರಡುವುದು ನಮ್ಮ ಊರುಗಳಲ್ಲಿ ಇಂದಿಗೂ ಉಳಿದಿರುವ ಒಂದು ಒಳ್ಳೆಯ ಪದ್ಧತಿ. ಮುಖಂಡರೂ ಏಜೆಂಟರೂ ಆ ಪದ್ಧತಿಗೆ ಹೊರತಲ್ಲ. ಹದಿನೈದು ಮಂದಿಯಿಂದ ತಲಾ ಆರು ಸಾವಿರದಂತೆ ಅವರಿಗೆ ತಿಳಿಯದೆ ಪಡೆದದ್ದಿದ್ದರೆ ಅದನ್ನೂ ಆ ಸಾಲದ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಕ್ಷಮೆ ಕೇಳಲು ಬಂದವರನ್ನು ಒಳಕ್ಕೆ ಕರೆದು ಕೂರಿಸಿ ಲೆಕ್ಕ ಕೇಳುವ ಅಭ್ಯಾಸವನ್ನು ನಾವೂ ಬೆಳೆಸಿಕೊಳ್ಳಬೇಕು.