ಬಾನೆಟ್ಟಿನ ಸಿಪ್ಪೆ, ಬಾಗಿಲಡಿಯ ಗುಳ್ಳೆ

ಹತ್ತು ಹದಿನೈದು ವರ್ಷ ಓಡಿದ ಕಾರಿನಲ್ಲಿ ಬಣ್ಣ ಮೊದಲು ಕಿತ್ತು ಬರುವುದು ಬಾನೆಟ್ಟು ಮತ್ತು ಚಾವಣಿಯಲ್ಲಿ. ಬಿಸಿಲು ನೆತ್ತಿಯಿಂದ ನೇರ ಬೀಳುವ ಜಾಗಗಳು ಅವೇ. ಹೊಳಪು ಮಂಕಾಗುತ್ತದೆ, ಬಿಳಿ ಮಚ್ಚೆ ಮೂಡುತ್ತದೆ, ಆಮೇಲೊಂದು ದಿನ ಉಗುರು ತಾಗಿಸಿದರೆ ತೆಳ್ಳನೆಯ ಪಾರದರ್ಶಕ ಪೊರೆ ಸಿಪ್ಪೆಯಾಗಿ ಎದ್ದು ಬರುತ್ತದೆ. ಎಂಜಿನ್ನಿಗೆ ಏನೂ ಆಗಿಲ್ಲ, ಬ್ರೇಕು ಸರಿಯಿದೆ, ಮೈಲೇಜೂ ಕಮ್ಮಿಯಾಗಿಲ್ಲ. ಆದರೂ ಮದುವೆ ಛತ್ರದ ಮುಂದೆ ಆ ಕಾರು ನಿಲ್ಲಿಸಲು ಮಾಲೀಕರಿಗೆ ಸಂಕೋಚ. ನಾಲ್ಕು ಕಾರು ಆಚೆ, ಮರದ ಮರೆಯಲ್ಲಿ ನಿಲ್ಲಿಸಿ ನಡೆದು ಬರುತ್ತಾರೆ.

ಇಂಥ ಕಾರು ಕರಾವಳಿಯ ಟಿಂಕರಿಂಗ್-ಪೇಂಟಿಂಗ್ ಗ್ಯಾರೇಜೊಂದಕ್ಕೆ ಬಂತೆನ್ನಿ. ಮಾಲೀಕರ ಬೆರಳು ಬಾನೆಟ್ಟಿನ ಕಡೆಗಿರುತ್ತದೆ. ಕಸುಬು ಬಲ್ಲ ಪೇಂಟರು ಅದನ್ನೊಮ್ಮೆ ನೋಡಿ, ಕುಕ್ಕುರುಗಾಲಲ್ಲಿ ಕೂತು ಬಾಗಿಲಿನ ಕೆಳಗಿನ ಅಂಚನ್ನು ಸವರುತ್ತಾರೆ. “ಮೇಲಿಂದು ಬಿಸಿಲಿಗೆ ಹೋದದ್ದು, ಅದಕ್ಕೇನೂ ಅರ್ಜೆಂಟಿಲ್ಲ ಮಾರಾಯ್ರೆ. ಇಲ್ಲಿ ಗುಳ್ಳೆ ಎದ್ದಿದೆ ನೋಡಿ, ಮೊದಲು ಇದನ್ನು ಮಾಡುವ.” ಮಾಲೀಕರಿಗೆ ನಿರಾಸೆ. ಆ ಗುಳ್ಳೆ ಹತ್ತಿರ ಹೋದರೂ ಸುಲಭಕ್ಕೆ ಕಣ್ಣಿಗೆ ಬೀಳುವಂಥದ್ದಲ್ಲ. ಯಾರೂ ನೋಡದ ಜಾಗಕ್ಕೆ ಯಾಕೆ ದುಡ್ಡು?

ಪೇಂಟರ ಮಾತು ಯಾಕೆ ಸರಿ ಎಂದು ತಿಳಿಯಲು ಬಣ್ಣದ ಒಳಗೆ ಇಳಿಯಬೇಕು. ಇಂದಿನ ಕಾರಿನ ತಗಡಿನ ಮೇಲಿರುವ ಪದರಗಳೆಲ್ಲ ಸೇರಿದರೂ ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಅಷ್ಟರಲ್ಲೇ ನಾಲ್ಕು ಪದರ. ಫಾಸ್ಫೇಟ್ ದ್ರಾವಣದಲ್ಲಿ ಹದಗೊಳಿಸಿದ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಕೂರಿಸುವ ಮೊದಲ ಪದರ ಸುಮಾರು 20 ಮೈಕ್ರಾನ್. ತುಕ್ಕು ತಡೆಯುವ ಹೊಣೆ ಇದರದು. ಅದರ ಮೇಲೆ 30ರಿಂದ 35 ಮೈಕ್ರಾನಿನ ಪ್ರೈಮರ್. ಆಮೇಲೆ ಬಣ್ಣ, ಮೆಟಾಲಿಕ್ ಆದರೆ ಅದು 15 ಮೈಕ್ರಾನಿನ ಆಸುಪಾಸು. ಎಲ್ಲಕ್ಕೂ ಮೇಲೆ 40-50 ಮೈಕ್ರಾನಿನ ಕ್ಲಿಯರ್ ಕೋಟ್. ಮನೆಮಂದಿಯೆಲ್ಲ ಶೋರೂಮಿನಲ್ಲಿ ಚರ್ಚಿಸಿ ಆರಿಸಿದ ಬಣ್ಣವೇ ಇವೆಲ್ಲದರಲ್ಲಿ ತೆಳ್ಳಗಿನದು.

ಬಾನೆಟ್ಟಿನಲ್ಲಿ ಕಿತ್ತು ಬಂದದ್ದು ಆ ಕ್ಲಿಯರ್ ಕೋಟ್. ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕವನ್ನು ಅದರಲ್ಲಿ ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಅದು ತೀರುತ್ತಾ ಬಂದು, ಪೊರೆ ಪೆಡಸಾಗಿ, ಬಿರುಕು ಬಿಟ್ಟು, ಕೆಳಗಿನ ಬಣ್ಣದ ಹಿಡಿತ ತಪ್ಪುತ್ತದೆ. ನೋಡಲು ಕೆಟ್ಟದು, ನಿಜ. ಆದರೆ ತಗಡಿನ ಮೇಲೆ ಇನ್ನೂ ಮೂರು ಪದರ ಉಳಿದಿವೆ.

ಬಾಗಿಲಡಿಯ ಗುಳ್ಳೆಯ ಕಥೆ ಬೇರೆ. ಕಿಟಕಿ ಗಾಜಿನ ಪಕ್ಕದಿಂದ ಇಳಿದ ಮಳೆನೀರು ಬಾಗಿಲಿನೊಳಗೆ ಹೋಗುವುದು ಸಹಜ. ಅದು ಹೊರಬೀಳಲೆಂದೇ ಕೆಳಗೆ ಸಣ್ಣ ತೂತುಗಳಿರುತ್ತವೆ. ಎಲೆಚೂರು, ಧೂಳು, ಕೆಸರು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಬಣ್ಣ ಒಳಗಿನಿಂದ ಉಬ್ಬುತ್ತದೆ. ಕಡಲಗಾಳಿಯ ಉಪ್ಪು ಸೇರಿದರೆ ಈ ಕೆಲಸ ಇನ್ನೂ ಚುರುಕು. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನಿಂದ ತಗಡು ಸಾಕಷ್ಟು ಸವೆದಿರಲೂಬಹುದು.

ಬಾನೆಟ್ಟಿನದು ನಾಚಿಕೆಯ ವಿಷಯ, ಬಾಗಿಲಡಿಯದು ನಷ್ಟದ ವಿಷಯ. ಜೇಬಿಗೆ ಕೈ ಹಾಕುವಾಗ ನಾವು ಮೊದಲು ನಾಚಿಕೆಯ ಮಾತು ಕೇಳುತ್ತೇವೆ.

ಕಾಣದ್ದನ್ನು ಕಡೆಗಣಿಸುವ ಚಾಳಿ ಮಾಲೀಕರಿಗೆ ಮಾತ್ರ ಅಂಟಿದ್ದಲ್ಲ. 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಎಷ್ಟೋ ಕಾರುಗಳ ಬಣ್ಣ ಹಾಳೆಹಾಳೆಯಾಗಿ ಕಿತ್ತು ಬಂತು. ಹಲವು ಮಾದರಿಗಳಲ್ಲಿ ನಡುವಿನ ಪ್ರೈಮರ್ ಬಿಟ್ಟು, ಮೊದಲ ಪದರದ ಮೇಲೆಯೇ ಬಣ್ಣ ಹೊಡೆದಿದ್ದರು. ಬಿಸಿಲು ತೆಳ್ಳನೆಯ ಬಣ್ಣವನ್ನು ತೂರಿ ಹೋಗಿ ಕೆಳಗಿನ ಪದರದ ಮೇಲ್ಮೈಯನ್ನು ಸಡಿಲಗೊಳಿಸಿತು. ಬಣ್ಣದಲ್ಲಿ ದೋಷವಿರಲಿಲ್ಲ, ಕಚ್ಚಿಕೊಳ್ಳಲು ಅದಕ್ಕೆ ನೆಲೆ ಉಳಿಯಲಿಲ್ಲ. ಹೊಸದರಲ್ಲಿ ಪ್ರೈಮರ್ ಇದ್ದ ಕಾರಿಗೂ ಇಲ್ಲದ ಕಾರಿಗೂ ಇದ್ದ ವ್ಯತ್ಯಾಸ ಕೊಂಡವರಿಗೆ ಕಾಣುವಂಥದ್ದಲ್ಲ. ಅದನ್ನು ತೋರಿಸಿಕೊಡಲು ಕೆಲವು ಬೇಸಿಗೆಗಳು ಬೇಕಾದವು.

ದುರಸ್ತಿಯಲ್ಲೂ ಇದೇ ನ್ಯಾಯ. ಹಿಂದಿನ ಕಾಲದ ಎನಾಮೆಲ್ ಬಣ್ಣ ಹೀಗೆ ಸಿಪ್ಪೆ ಏಳುತ್ತಿರಲಿಲ್ಲ. ಪುಡಿಯಾಗಿ ಒರೆಸುವ ಬಟ್ಟೆಗೆ ಹತ್ತುತ್ತಿತ್ತು, ಪಾಲಿಶ್ ಉಜ್ಜಿದರೆ ಹೊಳಪು ಮರಳುತ್ತಿತ್ತು. ಕಿತ್ತ ಕ್ಲಿಯರ್ ಕೋಟಿಗೆ ಆ ಉಪಾಯ ನಡೆಯದು. ಹೋದ ಪೊರೆ ಪಾಲಿಶ್‌ನಿಂದ ಬರುವುದಿಲ್ಲ. ಎದ್ದ ಅಂಚಿನ ಮೇಲೇ ಕ್ಲಿಯರ್ ಹೊಡೆದರೆ ಅಂಚು ಹಾಗೇ ಕಾಣುತ್ತದೆ, ಸ್ವಲ್ಪ ಕಾಲದಲ್ಲೇ ಮತ್ತೆ ಏಳುತ್ತದೆ. ವಾಟರ್ ಪೇಪರ್ ಹಿಡಿದು, ಗಟ್ಟಿಯಾಗಿ ಕಚ್ಚಿಕೊಂಡಿರುವ ಬಣ್ಣ ಸಿಗುವವರೆಗೂ ಉಜ್ಜಬೇಕು. ಅಂಗೈಯಗಲ ಇದ್ದ ಕಲೆ ಉಜ್ಜುತ್ತಾ ಹೋದಂತೆ ಅರ್ಧ ಬಾನೆಟ್ಟು ಆವರಿಸುವಾಗ ಮಾಲೀಕರ ಎದೆ ಡವಗುಟ್ಟುತ್ತದೆ. ಅಂಚು ಬೆರಳಿಗೆ ಸಿಗದಷ್ಟು ಇಳಿದ ಮೇಲೆಯೇ ಪ್ರೈಮರ್, ಬಣ್ಣ, ಕ್ಲಿಯರ್.

ಗುಳ್ಳೆಯ ಜಾಗದಲ್ಲಿ ಇನ್ನೂ ಆಳಕ್ಕೆ ಹೋಗಬೇಕು. ಬೆಳ್ಳನೆಯ ಲೋಹ ಕಾಣುವವರೆಗೆ ತುಕ್ಕು ತೆಗೆಯಬೇಕು. ತೂತಾಗಿದ್ದರೆ ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದದ್ದೂ, ತುಕ್ಕು ತೆಗೆದು ಹೊಡೆದದ್ದೂ ಡೆಲಿವರಿ ದಿನ ಒಂದೇ ಥರ ಹೊಳೆಯುತ್ತವೆ. ಪುಟ್ಟಿ ನೀರು ಹೀರುವ ವಸ್ತು ಬೇರೆ. ಅದನ್ನು ನೀರು ಹಾಕಿ ಉಜ್ಜಿ, ಪೂರ್ತಿ ಒಣಗಿಸದೆ ಮೇಲೆ ಬಣ್ಣ ಮುಚ್ಚಿದರೆ ಮುಂದೆ ಬರುವುದು ಮತ್ತೆ ಗುಳ್ಳೆಯೇ.

ಹಾಗಾಗಿ, ಒಬ್ಬರು ಹೇಳಿದ ರೇಟಿನ ಅರ್ಧಕ್ಕೆ ಇನ್ನೊಬ್ಬರು ಮಾಡಿಕೊಡುತ್ತೇನೆಂದರೆ ಉಳಿತಾಯ ಆಗಿರುವುದು ಬಣ್ಣದ ಡಬ್ಬಿಯಲ್ಲಷ್ಟೇ ಅಲ್ಲ. ಉಜ್ಜುವ ಗಂಟೆಗಳಲ್ಲಿ, ಒಣಗಲು ಬಿಡುವ ದಿನಗಳಲ್ಲಿ, ಕೆಲವೊಮ್ಮೆ ಪೇಂಟರ ಶ್ವಾಸಕೋಶದಲ್ಲಿ ಆಗಿರುತ್ತದೆ. ಎರಡು ಡಬ್ಬಿ ಬೆರೆಸಿ ಹೊಡೆಯುವ ಕ್ಲಿಯರ್‌ನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ತುಂತುರು ಉಸಿರಲ್ಲಿ ಹೋಗಿ ಆಸ್ತಮಾ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಪೈಪಿನಲ್ಲಿ ಹೊರಗಿನ ಶುದ್ಧ ಗಾಳಿ ಬರುವ ಮಾಸ್ಕ್ ಹಾಕಿ ಮಾಡಬೇಕಾದ ಕೆಲಸವನ್ನು ನಮ್ಮಲ್ಲಿ ಎಷ್ಟೋ ಹುಡುಗರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮಾಡುತ್ತಾರೆ. ಬಿಲ್ಲಿನಲ್ಲಿ ಇದು ಯಾವುದೂ ಬರೆದಿರುವುದಿಲ್ಲ.

‘ಇಡೀ ಕಾರಿಗೇ ಹೊಡೆಸಿಬಿಡೋಣ’ ಎನ್ನುವುದು ನಾಚಿಕೆ ಕೊಡುವ ದುಬಾರಿ ಸಲಹೆ. ಬೇರೆ ಬಣ್ಣ ಹೊಡೆಸಿದರಂತೂ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲೂ ತಿದ್ದಿಸಬೇಕು. ಇಷ್ಟೆಲ್ಲ ಮಾಡಿ ಮಾರಲು ಹೊರಟರೆ, ಕೊಳ್ಳಲು ಬಂದವರು ಮಿರಿಮಿರಿ ಬಣ್ಣ ಕಂಡು ಹಿಗ್ಗುವುದಿಲ್ಲ. ಅನುಭವಿಗಳು ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲಿಗೆ ಹಿಡಿಯುತ್ತಾರೆ. ದಪ್ಪ ಪುಟ್ಟಿ ಇದ್ದಲ್ಲಿ ಅದು ಕಚ್ಚುವುದಿಲ್ಲ. ಬಿಸಿಲಿಗೆ ಕಿತ್ತ ಬಾನೆಟ್ಟು ಕಾರಿನ ವಯಸ್ಸನ್ನು ಹೇಳುತ್ತದೆ ಅಷ್ಟೆ. ಹಳೆಯದಕ್ಕೆ ವಯಸ್ಸಾಗಿದೆ ಎಂದು ತಿಳಿದರೆ ಅದರಲ್ಲಿ ಮುಚ್ಚುಮರೆ ಏನಿದೆ?

ಹಾಗೆಂದು ನಾಚಿಕೆಯನ್ನು ಹೀಯಾಳಿಸಬೇಕಿಲ್ಲ. ಬಾನೆಟ್ಟು ಸಿಪ್ಪೆ ಏಳದಿದ್ದರೆ ಆ ಕಾರು ಗ್ಯಾರೇಜಿಗೆ ಬರುತ್ತಲೇ ಇರಲಿಲ್ಲ. ಬಾಗಿಲಡಿಯ ಗುಳ್ಳೆ ಯಾರ ಕೈಗೂ ಸಿಗದೆ ತೂತಾಗಿ ಹೋಗುತ್ತಿತ್ತು. ಹಬ್ಬಕ್ಕೆಂದು ಮನೆಯ ಮುಂಗೋಡೆಗೆ ಬಣ್ಣ ಹೊಡೆಯಲು ಬಂದವನೇ ತಾರಸಿ ಹತ್ತಿ, ನೀರು ನಿಂತು ಸಜ್ಜದ ಕಂಬಿ ಉಬ್ಬಿರುವುದನ್ನು ತೋರಿಸುವುದುಂಟು. ನಾಲ್ಕು ಜನ ಏನೆಂದಾರು ಎಂಬ ಅಳುಕು ನಮ್ಮನ್ನು ಎಬ್ಬಿಸಿ ಹೊರಡಿಸುತ್ತದೆ. ಆ ಮಟ್ಟಿಗೆ ಅದಕ್ಕೆ ಋಣಿಗಳಾಗಿರೋಣ. ಹಣ ಮೊದಲು ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನವನ್ನು ಮಾತ್ರ ಅದಕ್ಕೆ ಬಿಟ್ಟುಕೊಡಬಾರದು. ಅಲ್ಲಿ ಬಗ್ಗಿ ನೋಡಿದವರ ಮಾತು ನಡೆಯಬೇಕು.

ಕೈ ಬಿಗಿಯಿರುವ ಹಳೇ ಕಾರಿನ ಮಾಲೀಕರಿಗೆ ಲೆಕ್ಕ ಕಷ್ಟದ್ದಲ್ಲ. ಮಳೆಗಾಲಕ್ಕೆ ಮುಂಚೆ ಬಾಗಿಲಡಿಯ ತೂತುಗಳನ್ನು ಒಂದು ಕಡ್ಡಿಯಿಂದ ಬಿಡಿಸಿ. ಅದಕ್ಕೆ ಕಾಸು ಖರ್ಚಿಲ್ಲ. ಲೋಹ ಕಾಣುವಷ್ಟು ಗೀರು ಬಿದ್ದಿದ್ದರೆ ಶುಚಿ ಮಾಡಿ ಪ್ರೈಮರ್ ಮುಟ್ಟಿಸಿ. ಗುಳ್ಳೆಯಿದ್ದರೆ ಮೊದಲ ದುಡ್ಡು ಅದಕ್ಕೆ. ಬಾನೆಟ್ಟಿನ ಕೆಲಸ ದೀಪಾವಳಿ ಕಳೆದು ಗಾಳಿಯ ಪಸೆ ಆರಿದ ಮೇಲೆ ಮಾಡಿಸಿದರೂ ನಡೆಯುತ್ತದೆ. ಬಣ್ಣವೂ ಆಗ ಚೆನ್ನಾಗಿ ಕೂರುತ್ತದೆ.