ಶಾಸನವನ್ನು ನೆಡಬೇಕಾದವರು ಯಾರು?

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗುವ ನಾವು ಬೆಟ್ಟ ಹತ್ತಿ ಬಾಹುಬಲಿ ಸ್ವಾಮಿಯ ದರ್ಶನ ಪಡೆದು, ಭಂಡಾರ ಬಸದಿಯಲ್ಲಿ ಚತುರ್ವಿಂಶತಿ ತೀರ್ಥಂಕರರಿಗೆ ನಮಿಸಿ ಹಿಂದಿರುಗುತ್ತೇವೆ. ಅದೇ ಬಸದಿಯ ಒಂದು ಶಾಸನದ ಮುಂದೆ ನಿಲ್ಲುವವರು ವಿರಳ. ಕ್ರಿ.ಶ. 1368ರಲ್ಲಿ, ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದಲ್ಲಿ ಬರೆಸಿದ ಶಾಸನವದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಪಂಚಮಹಾವಾದ್ಯ ಹಾಗೂ ಕಳಶಗಳ ವಿಷಯದಲ್ಲಿ ಜೈನರಿಗೆ ಮೊದಲಿನಿಂದ ಸಲ್ಲುತ್ತಿದ್ದ ಹಕ್ಕನ್ನು ಸ್ಥಿರಪಡಿಸಿದನು.

ಈ ತೀರ್ಪಿನಲ್ಲಿ ಇನ್ನೊಂದು ವಿಶೇಷವುಂಟು. ಅದು ಅರಮನೆಯ ಕಡತದಲ್ಲಿ ಉಳಿಯಲಿಲ್ಲ. ಜನರ ನುಡಿಯಾದ ಕನ್ನಡದಲ್ಲಿ, ಜನರು ಬಂದು ಸೇರುವ ಸ್ಥಳದಲ್ಲಿ, ಕಲ್ಲಿನ ಮೇಲೆ ನಿಂತಿತು. ರಾಜ್ಯದ ಬಸದಿಗಳಲ್ಲೆಲ್ಲ ಇಂತಹ ಶಾಸನವನ್ನು ನೆಟ್ಟು ಪಾಲಿಸುವ ಹೊಣೆಯನ್ನು ದೂರಿತ್ತ ಜೈನರ ಮೇಲಲ್ಲ, ಶ್ರೀವೈಷ್ಣವರ ಮೇಲೆಯೇ ಹೊರಿಸಲಾಯಿತು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೇ ಒಪ್ಪಂದದ ಶಾಸನವಿದೆ. ದುರ್ಬಲನ ಹಕ್ಕನ್ನು ಬಲವುಳ್ಳವನೇ ಎಲ್ಲರಿಗೂ ತಿಳಿಯುವಂತೆ ಬರೆದು ನಿಲ್ಲಿಸಬೇಕು ಎಂಬುದೇ ಇದರ ತಾತ್ಪರ್ಯವೆಂದು ನಾನು ಭಾವಿಸುತ್ತೇನೆ.

ನಮಗೆ ದೊರೆತ ರಕ್ಷಣೆಯ ದಾಖಲೆಯೆಂದು ಈ ಶಾಸನವನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆದರೆ ನಮ್ಮ ಅಂಗಡಿಯಲ್ಲಿ, ತೋಟದಲ್ಲಿ, ಬಸದಿಯ ಅಡಿಗೆಮನೆಯಲ್ಲಿ ದುಡಿಯುವವರ ಎದುರಿಗೆ ಇಂದು ನಾವು ಯಾವ ಪಕ್ಷದವರು? ಈ ಪ್ರಶ್ನೆ ನನ್ನನ್ನು ಕಾಡಲು ಕಾರಣವಿದೆ. ನನ್ನ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲಿಯೊಬ್ಬನು ಅನೇಕ ವರ್ಷ ನನ್ನ ಲೆಕ್ಕದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದನು. ಬರೆದ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದನ್ನು ಒಂದು ದಿನವೂ ನಾನು ಅವನಿಗೆ ಓದಿ ಹೇಳಲಿಲ್ಲ. ಅವನ ಮಗಳು ಶಾಲೆ ಕಲಿತು, ಒಂದು ಸಂಜೆ ಬಂದು, "ಅಪ್ಪನ ಲೆಕ್ಕ ಒಂದು ಸಲ ಓದ್ತೀರಾ, ಯಜಮಾನರೇ?" ಎಂದು ಕೇಳಿದಾಗ ನನಗೆ ಮೊದಲು ಬಂದದ್ದು ಕೋಪ, ನಾಚಿಕೆ ಅನಂತರ ಬಂತು. ಅವನ ಒಪ್ಪಿಗೆಯೆಂದು ನಾನು ತಿಳಿದಿದ್ದುದು ಅವನಿಗೆ ಓದು ಬಾರದಿದ್ದುದರ ಫಲವಾಗಿತ್ತು.

ಶ್ರಾವಕರಾದ ನಮಗೆ ಇದು ಹೊಸ ಪಾಠವೇನಲ್ಲ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿಮೀರಿ ಹೊರಿಸುವುದು, ಅನ್ನನೀರನ್ನು ತಡೆಯುವುದು. ಇವನ್ನು ಎತ್ತು ಕುದುರೆಗಳಿಗಷ್ಟೇ ಅನ್ವಯಿಸಿ ನಾವು ಸಮಾಧಾನಪಟ್ಟುಕೊಂಡಿದ್ದೇವೆ. ಆದರೆ 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆಯೂ ದಾಸ್ಯವನ್ನು, ಚಿತ್ರಹಿಂಸೆಯನ್ನು ನಿಷೇಧಿಸಿ, ವಿಶ್ರಾಂತಿಯನ್ನೂ ಆಹಾರವನ್ನೂ ಮನುಷ್ಯನ ಹಕ್ಕೆಂದು ಸಾರುತ್ತದೆ. ನಮಗೆ ವ್ರತವಾದುದು ಎದುರಿನವನಿಗೆ ಹಕ್ಕು.

ಈ ಪಾಠದ ಅಗತ್ಯ ನಮ್ಮ ಜಿಲ್ಲೆಯಲ್ಲಿಯೇ ಇದೆ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದೇವಾಲಯವನ್ನು ಪ್ರವೇಶಿಸಿದ ದಲಿತ ಮಹಿಳೆಯರಿಗೆ ದಂಡ ವಿಧಿಸಿದ ಸಂಗತಿ ನಾಡಿಗೆಲ್ಲ ತಿಳಿಯಿತು. ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನದ 17ನೆಯ ವಿಧಿ ಆಗ ಅರವತ್ತೈದು ವರ್ಷ ಹಳೆಯದಾಗಿತ್ತು. ಜೀತವನ್ನು ರದ್ದುಗೊಳಿಸಿದ ಕಾಯ್ದೆ ಬಂದದ್ದು 1976ರಲ್ಲಿ. ಆದರೂ 2018ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯಲ್ಲಿ ಕೂಡಿಹಾಕಿ ದುಡಿಸುತ್ತಿದ್ದ 52 ಮಂದಿಯನ್ನು ಬಿಡಿಸಬೇಕಾಯಿತು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಅದು ಕೈಗೆಟುಕುವ ಸ್ಥಳದಲ್ಲಿ, ತಿಳಿಯುವ ಮಾತಿನಲ್ಲಿ ಇರಬೇಕು.

ಹಕ್ಕು ಕಲಿಸಿದರೆ ಜನ ಕರ್ತವ್ಯ ಮರೆಯುತ್ತಾರೆಂದು ಕೆಲವು ಹಿರಿಯರು ಆಕ್ಷೇಪಿಸುವುದುಂಟು. ವ್ಯಾಪಾರದ ಅನುಭವದಿಂದ ಹೇಳುತ್ತೇನೆ: ತೂಕ ನೋಡಲು ಬಲ್ಲ ಗಿರಾಕಿಯಿಂದ ಪ್ರಾಮಾಣಿಕ ವರ್ತಕನಿಗೆ ನಷ್ಟವಿಲ್ಲ. ತಕ್ಕಡಿ ನೋಡಬಲ್ಲವನಿಗೆ ಹೆದರುವವನು ಮೊದಲು ತನ್ನ ತಕ್ಕಡಿಯನ್ನೇ ಪರೀಕ್ಷಿಸಿಕೊಳ್ಳಬೇಕು.

ಆದುದರಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಜೈನ ಕುಟುಂಬಗಳಲ್ಲಿ, ಬಸದಿಗಳ ಆಡಳಿತ ಮಂಡಲಿಗಳಲ್ಲಿ ಒಂದು ವಿನಂತಿ. ದಪ್ಪ ಅಕ್ಷರದ ಒಂದೇ ಹಾಳೆ ಸಾಕು. ಕೆಲಸಗಾರರ ಕೂಲಿ, ರಜೆ, ಕೆಲಸದ ವೇಳೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಕಾನೂನು ನೆರವು ಉಚಿತವೆಂಬ ವಿಷಯ. ಅದಕ್ಕೆ 15100, ಮಕ್ಕಳ ರಕ್ಷಣೆಗೆ 1098 ಎಂಬ ದೂರವಾಣಿ ಸಂಖ್ಯೆಗಳು. ಓದು ಬಾರದವರಿಗೆ ತಿಂಗಳಿಗೊಮ್ಮೆ ಗಟ್ಟಿಯಾಗಿ ಓದಿ ಹೇಳಲಿ, ಮತ್ತು ಓದುವವರು ಯಜಮಾನರೇ ಆಗಿರಲಿ.

ಆರೂವರೆ ಶತಮಾನಗಳ ಹಿಂದೆ ನಮ್ಮ ಹಕ್ಕನ್ನು ಬರೆದು ನಿಲ್ಲಿಸುವ ಹೊಣೆಯನ್ನು ಇತರರು ಒಪ್ಪಿಕೊಂಡರು. ಆ ಋಣವನ್ನು ತೀರಿಸುವ ಸರದಿ ಈಗ ನಮ್ಮದು.