ಕುಪ್ಪಳಿಸುವ ಎಂಜಿನ್ನಿಗೆ ಎರಡು ಗಾಲಿ

ಥಾಮಸ್ ಎಂಬ ನೀಲಿ ಎಂಜಿನ್ನನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಅವನಿರುವ ಸೋಡರ್ ದ್ವೀಪದ ಗುಡ್ಡಗಳ ನಡುವೆ ಇನ್ನೊಂದು ಕಿರಿದಾದ ಹಳಿ ಓಡುತ್ತದೆ. ಸ್ಕಾರ್ಲೋಯಿ, ರೀನಿಯಸ್, ಸರ್ ಹ್ಯಾಂಡಲ್, ಪೀಟರ್ ಸ್ಯಾಮ್ ಎಂಬ ಪುಟ್ಟ ಉಗಿ ಎಂಜಿನ್‌ಗಳು ಅಲ್ಲಿವೆ. ನನಗೆ ಥಾಮಸ್‌ಗಿಂತ ಇವುಗಳ ಮೇಲೆಯೇ ಪ್ರೀತಿ ಹೆಚ್ಚು. ಇವು ದಣಿಯುತ್ತವೆ, ಕೆಡುತ್ತವೆ, ರಿಪೇರಿಯಾಗಿ ಮತ್ತೆ ಬರುತ್ತವೆ.

ಕಥೆ ಬರೆದ ವಿಲ್ಬರ್ಟ್ ಆಡ್ರಿ ಒಬ್ಬ ಪಾದ್ರಿ. ವೇಲ್ಸ್‌ನ ಟ್ಯಾಲಿಲಿನ್ ರೈಲ್ವೆ ಈ ಪುಟ್ಟ ಎಂಜಿನ್‌ಗಳ ಕಥೆಗಳ ತವರು. ಸ್ಲೇಟು ಕಲ್ಲು ಸಾಗಿಸಲು 1860ರ ದಶಕದಲ್ಲಿ ಹಾಕಿದ ಹಾದಿ ಅದು. ಎರಡು ಹಳಿಗಳ ನಡುವೆ ಬರೀ ಎರಡು ಅಡಿ ಮೂರು ಅಂಗುಲ. ಗಣಿ ಮುಚ್ಚಿತು, 1950ರಲ್ಲಿ ಮಾಲೀಕರೂ ತೀರಿಕೊಂಡರು. ಅಲ್ಲಿಗೆ ಮುಗಿಯಬೇಕಿದ್ದ ರೈಲನ್ನು ಲೇಖಕ ಟಾಮ್ ರೋಲ್ಟ್ ಮತ್ತು ಗೆಳೆಯರು ಕೈಗೆತ್ತಿಕೊಂಡು, 1951ರಿಂದ ಸಂಬಳವಿಲ್ಲದೆ ದುಡಿಯುವವರ ಬಲದಿಂದ ಓಡಿಸಿದರು. ಹೀಗೆ ಸ್ವಯಂಸೇವಕರು ಉಳಿಸಿ ನಡೆಸಿದ ರೈಲುಗಳಲ್ಲಿ ಜಗತ್ತಿಗೆ ಅದೇ ಮೊದಲು. ಮರುವರ್ಷ ಆಡ್ರಿ ಅಲ್ಲಿಗೆ ಗಾರ್ಡ್ ಆಗಿ ಹೋದರು. ಒಮ್ಮೆ, ತಿಂಡಿ ಮಾರುವ ಮಹಿಳೆ ಹತ್ತುವ ಮೊದಲೇ ರೈಲು ಬಿಡಿಸಿಬಿಟ್ಟರು. ಆ ಎಡವಟ್ಟು ಪೀಟರ್ ಸ್ಯಾಮ್‌ನ ಕಥೆಯಾಯಿತು. ಕಿರುಹಳಿಯ ಮೊದಲ ಪುಸ್ತಕ 1955ರಲ್ಲಿ ಬಂತು.

ಎಂಜಿನ್‌ಗಳ ಸ್ವಭಾವವನ್ನೂ ಆಡ್ರಿ ಅಲ್ಲಿಂದಲೇ ತೆಗೆದುಕೊಂಡರು. ಟ್ಯಾಲಿಲಿನ್ ಹೆಸರಿನ ನಿಜವಾದ ಎಂಜಿನ್ ಹೊಸದರಲ್ಲಿ ನಾಲ್ಕೇ ಗಾಲಿಯದು. ಓಡುವಾಗ ಮೇಲೆ ಕೆಳಗೆ ಕುಪ್ಪಳಿಸುತ್ತಿತ್ತು. ಹಿಂದೆ ಇನ್ನೆರಡು ಗಾಲಿ ಜೋಡಿಸಿದ ಮೇಲೆ ಸರಿಹೋಯಿತು. ಕಥೆಯಲ್ಲಿ ಅದೇ ಸ್ಕಾರ್ಲೋಯಿ: ಎಳೆಯ ವಯಸ್ಸಿನ ಜಂಬಗಾರ, ಕುಣಿದಾಡುವವ. ಅವನಿಗೂ ಎರಡು ಗಾಲಿ ಸಿಗುತ್ತವೆ. ಮಕ್ಕಳ ಕಥೆಯಲ್ಲಿ ತುಂಟನನ್ನು ತಿದ್ದಲು ಬೈಗುಳವನ್ನೋ ಶಿಕ್ಷೆಯನ್ನೋ ತರುವುದು ವಾಡಿಕೆ. ಇಲ್ಲಿ ಅವನಿಗೆ ಏನು ಕಡಿಮೆಯಿದೆ ಎಂದು ನೋಡಿ ಅದನ್ನು ಕೊಡುತ್ತಾರೆ. ನಾನು ಓದಿದ ಮಕ್ಕಳ ಕಥೆಗಳಲ್ಲಿ ಇಷ್ಟು ಕರುಣೆಯ ಉಪಾಯ ಹೆಚ್ಚು ಕಂಡಿಲ್ಲ.

ರೀನಿಯಸ್‌ನ ಕಥೆ ಇನ್ನೂ ಗಟ್ಟಿ. ಮಳೆಯಲ್ಲಿ, ಏರುಹಾದಿಯಲ್ಲಿ, ತುಂಬಿದ ಗಾಡಿ ಎಳೆಯುವಾಗ ಅವನ ಒಂದು ಬದಿಯ ಯಂತ್ರ ಸಿಕ್ಕಿಕೊಳ್ಳುತ್ತದೆ. ಉಳಿದ ಒಂದೇ ಬದಿಯ ಬಲದಿಂದ ಜನರನ್ನು ಮನೆ ಮುಟ್ಟಿಸುತ್ತಾನೆ. ಅವನ ಮೂಲವಾದ ಡಾಲ್ಗೋಚ್ ಎಂಬ ಎಂಜಿನ್, ಜೊತೆಯದು ಕೆಟ್ಟು ನಿಂತ ಕಷ್ಟದ ವರ್ಷಗಳಲ್ಲಿ ಇಡೀ ಹಾದಿಯ ಭಾರವನ್ನು ಹೆಚ್ಚುಕಡಿಮೆ ಒಂಟಿಯಾಗಿ ಹೊತ್ತಿತ್ತು. ಆ ಸವೆತ ಗೊತ್ತಿದ್ದವರು ಮಾತ್ರ ಬರೆಯಬಹುದಾದ ಕಥೆ ಅದು. ಸರ್ ಹ್ಯಾಂಡಲ್ ಮತ್ತು ಪೀಟರ್ ಸ್ಯಾಮ್‌ಗೆ ಮೂಲವಾದ ಎಂಜಿನ್‌ಗಳು 1948ರಲ್ಲಿ ಮುಚ್ಚಿದ ನೆರೆಯ ಕೊರಿಸ್ ರೈಲ್ವೆಯಿಂದ ಬಂದವು; ಒಂದೊಂದರ ಬೆಲೆ 25 ಪೌಂಡ್.

ಟಿವಿ ಸರಣಿಗೆ ಈ ಪುಟ್ಟ ಎಂಜಿನ್‌ಗಳು 1990ರ ದಶಕದಲ್ಲಿ ಬಂದವು. ಮೊದಮೊದಲ ಕಂತುಗಳು ಪುಸ್ತಕದ ಕಥೆಗಳನ್ನೇ ನೆಚ್ಚಿಕೊಂಡಿದ್ದವು. ಆಮೇಲೆ ಹೊಸ ಕಥೆಗಳನ್ನು ಹೆಣೆದರು. ಹೆಸರು, ಬಣ್ಣ, ನಗುಮುಖ ಉಳಿದವು. ವಾಲ್ವು, ಗಾಲಿ, ಹಳಿಗಳ ನಿಜವಾದ ತೊಂದರೆಗಳು ಹಿಂದೆ ಸರಿದವು. ಇದು ನಷ್ಟವೇ ಎಂದು ನನ್ನ ಅನಿಸಿಕೆ. ಎಂಜಿನ್ ಯಾಕೆ ನಿಂತಿತು ಎಂದು ಮಗು ಕೇಳಿದರೆ ಆಡ್ರಿಯವರ ಕಥೆಯಲ್ಲಿ ಉತ್ತರವಿರುತ್ತದೆ.

ಟ್ಯಾಲಿಲಿನ್ ರೈಲ್ವೆ ಈಗಲೂ ಸ್ವಯಂಸೇವಕರ ದುಡಿಮೆಯಿಂದ ಓಡುತ್ತಿದೆ. ಆಡ್ರಿಯವರ ಓದುವ ಕೋಣೆಯನ್ನು ಅಲ್ಲಿನ ಮ್ಯೂಸಿಯಂನಲ್ಲಿ ಮತ್ತೆ ಜೋಡಿಸಿಟ್ಟಿದ್ದಾರೆ. ಮಗುವಿಗೆ ಸ್ಕಾರ್ಲೋಯಿಯನ್ನು ತೋರಿಸುವಾಗ, ಆ ಎಂಜಿನ್ ನಿಜವಾಗಿಯೂ ಇದೆ ಎಂದು ದಯವಿಟ್ಟು ಹೇಳಿ. ಅದರ ಫೋಟೋ ಹುಡುಕಿ, ಹಿಂದಿನ ಆ ಎರಡು ಗಾಲಿಗಳನ್ನು ತೋರಿಸಿ.